ಹುಲಿಗೆವ್ವನ ಹೆಬ್ಬೆರಳು

ಈಗಿನವರ ಮುತ್ತಜ್ಜನ ಮುತ್ತಜ್ಜನೂ ಹುಟ್ಟದ ಕಾಲದಲ್ಲಿ ಎರೆಹಾಳ ಎಂಬ ಒಂದೂರಿತ್ತಂತೆ. ಹತ್ತು ಹರದಾರಿ ಸುತ್ತಿದರೂ ಹಿಡಿಗಲ್ಲು ಸಿಗದ ಭೂಮಿ. ಅಲ್ಲಿಯ ದೊರೆಗೆ ಕೋಟೆ ಬೇಕಾಯಿತು. ಕಲ್ಲಿಲ್ಲವೆಂದು ಇಟ್ಟಿಗೆಯಲ್ಲೇ ಕಟ್ಟಿಸಿದ. ಕಟ್ಟಿಸಿದ ಅಂದೆ, ಕಟ್ಟಿದ ಅನ್ನಲಿಲ್ಲ. ದೊರೆ ಒಂದು ದಿನವೂ ಕೆಸರು ತುಳಿದವನಲ್ಲ.

ತುಳಿದವಳು ಹುಲಿಗೆವ್ವ. ಹಳ್ಳದ ಮಣ್ಣಿಗೆ ಹೊಟ್ಟು ಕಲಸಿ, ತುಳಿದು, ಅಚ್ಚಿಗೆ ಹಾಕಿ, ಹಸಿ ಇಟ್ಟಿಗೆಗೆ ಹೆಬ್ಬೆರಳು ಒತ್ತುತ್ತಿದ್ದಳಂತೆ. ಇಟ್ಟಿಗೆ ಕೆಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಅಂತ ಅವಳ ಮನೆತನದ ಪದ್ಧತಿ. ಬೆಂದದ್ದನ್ನು ಗೆಣ್ಣಿನಿಂದ ಬಡಿದು ಕಿವಿಗೊಡುವಳು. ಕಂಚಿನಂತೆ ಉಲಿದರೆ ಕೋಟೆಗೆ, ಇಲ್ಲದಿದ್ದರೆ ತಿಪ್ಪೆಗೆ.

ಕೆಲಸ ನೋಡಿಕೊಳ್ಳುವ ಪಾರುಪತ್ಯಗಾರ ಬಂದು, ಇನ್ನು ಮೇಲೆ ದೊರೆಯ ಮೀನಿನ ಮುದ್ರೆ ಒತ್ತಬೇಕು ಎಂದನಂತೆ. ತಾನು ತುಳಿದ ಮಣ್ಣಿಗೆ ಇನ್ನೊಬ್ಬರ ಗುರುತೇಕೆಂದು ಅವಳು ಒಪ್ಪಲಿಲ್ಲ. ಹಾಗಾದರೆ ನಿನ್ನ ಇಟ್ಟಿಗೆ ಬುಡದಲ್ಲಿ ಹೂತುಹೋಗಲಿ ಎಂದು ಅವನು ಬುರುಜಿನ ಮೇಲುಭಾಗಕ್ಕೆ ತನ್ನ ಭಾವಮೈದುನನ ಭಟ್ಟಿಯಿಂದ ಮುದ್ರೆಯ ಇಟ್ಟಿಗೆ ತರಿಸಿದ.

ಮೊದಲ ಮಳೆಗೇ ಬುರುಜು ಕುಸಿಯಿತಂತೆ. ಬುಡವೇ ಸಡಿಲ ಎಂದು ಪಾರುಪತ್ಯಗಾರ ದೂರಿದ. ಅವಳ ಹೆಬ್ಬೆರಳು ಕತ್ತರಿಸಿರೆಂದು ದೊರೆ ಅಪ್ಪಣೆ ಕೊಟ್ಟ. ಹೆಬ್ಬೆರಳು ಹೋದರೆ ಅಚ್ಚು ಹಿಡಿಯುವುದು ಹೇಗೆ, ಉಣ್ಣುವುದು ಹೇಗೆ?

ಆದರೂ ಹುಲಿಗೆವ್ವನಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತಂತೆ. ಬಿದ್ದದ್ದೇಕೆ? ಕತ್ತಿ ತರುವುದರೊಳಗೆ ಬಿದ್ದ ಇಟ್ಟಿಗೆಗಳ ರಾಶಿಗೆ ಇಳಿದು ಒಂದೊಂದನ್ನೇ ಬಡಿದಳು. ಕುಂಬಳಕಾಯಿ ಬಡಿದ ಸದ್ದು. ಮುರಿದು ನೋಡಿದಳು. ಒಳಗೆಲ್ಲ ಅರೆಬೆಂದ ಕರಿ ಮಣ್ಣು. ಅವಳು ಮಾಡಿದ ಬುಡ ಮಾತ್ರ ಎದೆಮಟ್ಟ ನಿಂತೇ ಇತ್ತು.

"ನೋಡೋದೇನೇ ಅಲ್ಲಿ, ಕೈ ಚಾಚು," ಅಂದನಂತೆ ಪಾರುಪತ್ಯಗಾರ.

"ಚಾಚ್ತೀನಿ ತಡಿಯಪ್ಪ, ಬೆರಳು ಎಲ್ಲೂ ಓಡಿಹೋಗಲ್ಲ." ಅವಳು ತುಂಡುಗಳನ್ನು ತಂದು ದೊರೆಯ ಮುಂದೆ ಸುರಿದಳು. "ದೊರೆ, ಬಿದ್ದದ್ದರ ಮೇಲೆಲ್ಲ ನಿಮ್ಮ ಮೀನೇ ಇದೆ. ನನ್ನ ಬೆರಳು ಒಂದೂ ಇಲ್ಲ. ಈಗ ಯಾರ ಬೆರಳು ಕೊಯ್ಯೋದು?"

ದೊರೆ ಮುದ್ರೆಯುಂಗುರದ ಕೈಯನ್ನು ಶಾಲಿನೊಳಗೆ ಎಳೆದುಕೊಂಡನಂತೆ. ಬುರುಜು ಅವಳ ಇಟ್ಟಿಗೆಯಿಂದಲೇ ಮತ್ತೆ ಎದ್ದಿತು. ಆದರೆ ನೋಡಿ, ಕೋಟೆಗೆ ಸಿಗದ ಕಲ್ಲು ಬಾಗಿಲ ಮೇಲೆ ದೊರೆಯ ಹೆಸರು ಕೆತ್ತಲಿಕ್ಕೆ ಮಾತ್ರ ಎಲ್ಲಿಂದಲೋ ಬಂತು.

ಇಂದಿಗೂ ಎರೆಹಾಳದಲ್ಲಿ ಮನೆ ಕಟ್ಟಿದರೆ ಮೊದಲ ಇಟ್ಟಿಗೆಗೆ ಹೆಬ್ಬೆರಳು ಒತ್ತುವವರು ಮನೆಯ ಯಜಮಾನರಲ್ಲ, ಮಣ್ಣು ತುಳಿದವರು. ಕೋಟೆ ನೋಡಲು ಬಂದವರನ್ನು ಊರವರು ಬಾಗಿಲ ಕಲ್ಲಿನ ಮುಂದೆ ನಿಲ್ಲಗೊಡುವುದಿಲ್ಲ, ಬುರುಜು ಒಡೆದು ಒಳಗಿನ ಇಟ್ಟಿಗೆ ಕಾಣುವ ಮೂಲೆಗೆ ಕರೆದೊಯ್ಯುತ್ತಾರೆ. ಬಂದವರು ಅಲ್ಲಿಯ ಇಟ್ಟಿಗೆಯ ಕುಳಿಯಲ್ಲಿ ತಮ್ಮ ಹೆಬ್ಬೆರಳಿಟ್ಟು ನೋಡುತ್ತಾರೆ. ಗಂಡಸರ ಬೆರಳು ಹಿಡಿಸುವುದಿಲ್ಲ. ಅಷ್ಟು ಸಣ್ಣ ಬೆರಳು.