ನಕ್ಷೆಯಲ್ಲಿ ಇಲ್ಲದ ಕೇರಿ

"ಓಸ್ಟರ್‌ವಾಲ್ ನಗರದ ಸಮಸ್ತರೂ ಕೇಳಿ! ಲುಡೋಲ್ಫ್ ದೊರೆಗಳ ಮೂರು ಒಗಟು ಬಿಡಿಸಿದವರು ಬೇಡಿದ್ದು ಪಡೆಯಬಹುದು. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಹಾಗೆ ಸಾರಿತು. ದೊರೆಗೆ ಈ ಆಟ ಯಾಕೆ ಬೇಕಿತ್ತು ಅಂತೀರಾ? ಕೊಬ್ಬು, ಇನ್ನೇನು! ಊರಿನ ಹೊಸ ನಕ್ಷೆ ಅಚ್ಚಾಗಿತ್ತು, ಅದರ ಸಂಭ್ರಮ. ಆ ನಕ್ಷೆಯಲ್ಲಿ ಹೊಳೆದಂಡೆಯ ಚರ್ಮ ಹದಮಾಡುವವರ ಕೇರಿಯೇ ಇರಲಿಲ್ಲ; ಅಲ್ಲಿ ಅರಮನೆಯ ತೋಟ ಬರೆದಿತ್ತು. ಕೇರಿಯವರು ಹೋಗಿ ಕೇಳಿದರೆ, "ನಕ್ಷೆಯಲ್ಲಿಲ್ಲದ ಕೇರಿ ಊರಲ್ಲೂ ಇಲ್ಲ. ನಾನಂತೂ ಅಂಥದ್ದನ್ನು ಕಂಡೇ ಇಲ್ಲ" ಅಂದುಬಿಟ್ಟ, ಮಹಾನುಭಾವ! ಸೋಮವಾರ ಮನೆ ಕೆಡವಲು ಆಳುಗಳು ಬರುವವರಿದ್ದರು.

ಆ ಕೇರಿಯವನೇ ಯೋಸ್. ಅಚ್ಚುಮನೆಯಲ್ಲಿ ನಕ್ಷೆ ಕೊರೆದ ತಾಮ್ರದ ತಗಡಿಗೆ ಮಸಿ ಬಳಿದು, ಹೆಚ್ಚಾದದ್ದನ್ನು ಅಂಗೈಯಿಂದ ಒರೆಸುವುದು ಅವನ ಕೆಲಸ. "ಹೋಗಬೇಡ್ವೋ" ಎಂದು ತಾಯಿ ಗ್ರೀಟ ಅತ್ತಳು.

"ಸೋಮವಾರ ಮನೆ ಹೋಗುತ್ತಲ್ಲವ್ವಾ! ಈ ತಲೆ ಉಳಿಸಿಕೊಂಡು ಎಲ್ಲಿ ಮಲಗಲಿ?" ಎಂದು ರೇಗಿ ಹೊರಟ.

ಚೌಕದಲ್ಲಿ ಊರೇ ನೆರೆದಿತ್ತು. "ಹೊಳೆಯುಂಟು, ಕಾಲು ಒದ್ದೆಯಾಗದು. ಬೀದಿಯುಂಟು, ನಾಯಿ ಬೊಗಳದು. ಯಾವ ಊರದು?" ಎಂದ ದೊರೆ. ಮೊದಲು ಬಂದ ಸರದಾರ "ಕನಸಿನ ಊರು" ಎಂದ. ತಲೆ ಹೋಯಿತು.

ಆಮೇಲೆ ಬಂದ ಪಂಡಿತ "ನಕ್ಷೆ" ಎಂದು ಗೆದ್ದ. ದೊರೆ ಎರಡನೆಯದನ್ನು ಕೇಳಿದ: "ಅದೇ ಊರು, ಆದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ. ಮೈಗೆ ಮಸಿ ಬಳಿದು ಒತ್ತಿದರೇನೇ ಪೂರ್ವ ಪೂರ್ವವಾಗುವುದು."

"ಕನ್ನಡಿ!" ಎಂದ ಪಂಡಿತ. ಕನ್ನಡಿಗೆ ಯಾರಾದರೂ ಮಸಿ ಬಳಿಯುತ್ತಾರಾ? ಅವನ ತಲೆಯೂ ಹೋಯಿತು.

ಯೋಸ್ ಮುಂದೆ ಬಂದ. "ಮೊದಲನೆಯದು ನಕ್ಷೆ. ಎರಡನೆಯದು ಅದನ್ನು ಅಚ್ಚುಹಾಕುವ ತಾಮ್ರದ ತಗಡು. ಅದರಲ್ಲಿ ಎಲ್ಲವನ್ನೂ ಎಡಬಲ ತಿರುಗಿಸಿ ಕೊರೆದಿರುತ್ತೆ. ದಿನಾ ಒರೆಸೋನು ನಾನೇ."

ದೊರೆ ಮೀಸೆಯಡಿ ನಕ್ಕ. "ನಾನು ಕೊಡಲಿ ಎತ್ತಲಿಲ್ಲ, ಬೆಂಕಿ ಹಚ್ಚಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ನೂರು ಮನೆಗಳನ್ನು ಹೇಳಹೆಸರಿಲ್ಲದಂತೆ ಮಾಡಿದೆ. ಯಾವುದರಿಂದ?"

ತೋಟ ಬರೆದ ಜಾಗ ಒರೆಸುವಾಗಲೆಲ್ಲ ಅಂಗೈಗೆ ತಾಗುತ್ತಿದ್ದ ಉಬ್ಬುತಗ್ಗು ಯೋಸ್‌ಗೆ ನೆನಪಾಯಿತು. ಅವನ ಮೈಯೆಲ್ಲ ಉರಿದುಹೋಯಿತು.

"ಸುತ್ತಿಗೆಯಿಂದ! ತಗಡಿನ ಗೆರೆ ಅಳಿಸಬೇಕಾದರೆ ಅದನ್ನು ಕೆರೆದು, ಬೆನ್ನಿಗೆ ಸುತ್ತಿಗೆ ಹೊಡೆದು ಸಮ ಮಾಡುತ್ತಾರೆ. ಹೊಡೆಸಿದ್ದು ನೀವು. ಅಳಿಸಿಹೋದದ್ದು ನಮ್ಮ ಕೇರಿ!"

"ಭಲೇ! ಸರಿಯಾದ ಉತ್ತರ!" ಎಂದು ದೊರೆ ಚಪ್ಪಾಳೆ ತಟ್ಟಿದ. ಎಷ್ಟಾದರೂ ಒಗಟು ತನ್ನದಲ್ಲವೇ!

ಯೋಸ್ ಜನರ ಕಡೆ ತಿರುಗಿದ. "ಕೇಳಿದಿರಾ? ನಮ್ಮ ಕೇರಿಯನ್ನು ಕಂಡೇ ಇಲ್ಲ ಅಂದ ಬಾಯಿ ಇದೇ! ಇಲ್ಲದ ನೂರು ಮನೆಗಳನ್ನು ಅಳಿಸಿದ್ದು ಹೇಗೆ, ಕೇಳಿ!"

ದೊರೆಯ ಚಪ್ಪಾಳೆ ಅರ್ಧಕ್ಕೇ ನಿಂತಿತು. ಚೌಕದ ತುಂಬ ಗದ್ದಲವೆದ್ದಿತು.

"ನಾನು ಬೇಡೋದು ಇಷ್ಟೇ. ಕೇರಿ ನೆಲದ ಮೇಲೂ ಇರಬೇಕು, ನಕ್ಷೆಯಲ್ಲೂ ಇರಬೇಕು. ಕೊರೆಯೋನು ನಾನೇ."

ಕೊಡದೆ ವಿಧಿಯಿರಲಿಲ್ಲ. ಯೋಸ್ ಅಂದೇ ಉಳಿ ಹಿಡಿದು ಕೂತ. ಸಿಟ್ಟಿನ ಭರದಲ್ಲಿ ಕೇರಿಯ ಹೆಸರನ್ನು ತಿರುಗಿಸಿ ಬರೆಯುವುದನ್ನೇ ಮರೆತ. ಅಚ್ಚಿನಲ್ಲಿ ಹೆಸರು ಉಲ್ಟಾ ಬಂತು. "ಸುತ್ತಿಗೆ ಹೊಡೆದು ಸರಿಮಾಡೋಣ" ಎಂದ ಅಚ್ಚುಮನೆಯ ಯಜಮಾನ.

"ಸುತ್ತಿಗೆ ಮುಟ್ಟಿದರೆ ಕೈ ಮುರೀತೀನಿ!" ಎಂದು ಗ್ರೀಟ ತೋಳೇರಿಸಿ ಅಡ್ಡ ನಿಂತಳು. "ಉಲ್ಟಾನೋ ಪಲ್ಟಾನೋ, ಇದೆಯಲ್ಲ! ಇರಲಿ ಬಿಡಿ."

ಆ ಊರಿನ ನಕ್ಷೆಯಲ್ಲಿ ಆ ಒಂದು ಹೆಸರನ್ನು ಇಂದಿಗೂ ಕನ್ನಡಿ ಹಿಡಿದೇ ಓದಬೇಕು. ಓದುತ್ತಾರೆ.