ಅಲುಗದ ತಕ್ಕಡಿ

ಅಂಗೈಯಲ್ಲಿ ಕರ್ಪೂರ ಉರಿದು ಆರುವ ತನಕ ಶಂಭುಲಿಂಗನ ಕೈ ಕದಲಬಾರದು. ಕದಲದಿದ್ದರೆ ಮಠಕ್ಕೆ ಕಲ್ಲಿನದೊಂದು ಊಟದ ಮಂಟಪ. ಎಣ್ಣೆ ಮಂಡಿಯ ಮರಿಸಿದ್ದ ಶೆಟ್ಟರು ಒಡ್ಡಿದ ಕರಾರು ಇಷ್ಟೇ.

ಶಂಭುಲಿಂಗನಿಗೆ ಅದು ಬಿಟ್ಟಿ ಲಾಭವೆನಿಸಿತು. ಹೊಳೆ ದಂಡೆಯ ಆ ಮಠದಲ್ಲಿ ಅಡುಗೆ ಅವನದು. ಕೆಲವು ತಿಂಗಳಿಂದ ಒಲೆಯ ಕೆಂಡವನ್ನು ಇಕ್ಕಳವಿಲ್ಲದೆ ಬಲಗೈಯಲ್ಲೇ ಎತ್ತಿ ಪಕ್ಕದ ಒಲೆಗೆ ಹಾಕುತ್ತಿದ್ದ. ಬೊಬ್ಬೆ ಏಳುತ್ತಿತ್ತು, ಉರಿ ಮಾತ್ರ ಇಲ್ಲ. ಉಳಿದ ಶಿಷ್ಯರು ಆ ಕೈಗೆ ನಮಸ್ಕಾರ ಮಾಡಲು ಶುರುಮಾಡಿದ್ದರು. ಸುದ್ದಿ ಮಂಡಿಯವರೆಗೂ ಹೋಗಿತ್ತು.

ಆದರೂ ಒಂದು ಕುತೂಹಲ ಅವನನ್ನು ಕೊರೆಯುತ್ತಿತ್ತು. ಶೆಟ್ಟರನ್ನೂ ಕರೆದುಕೊಂಡು ಗುರುಗಳ ಮುಂದೆ ಹೋಗಿ ಕೂತ.

“ಬುದ್ಧಿ, ನಾನು ಮಾಡಿದ್ದು ಬೆಳಗಿನ ಜಪ, ಸಂಜೆಯ ಧ್ಯಾನ. ಎಲ್ಲರೂ ಮಾಡುವುದೇ. ಈ ಸಿದ್ಧಿ ಯಾವುದರಿಂದ ಬಂತು?”

“ಎರಡೂ ಕೈಗೆ ಬಂದಿದೆಯೋ?”

“ಬಲಗೈಗೆ ಮಾತ್ರ.”

“ಧ್ಯಾನಕ್ಕೆ ಬಲಗೈ ಒಂದನ್ನೇ ಕೂರಿಸಿದ್ದೆಯಾ?”

ಗುರುಗಳು ಗೋಡೆಗೆ ಸಿಕ್ಕಿಸಿದ್ದ ನವಿಲುಗರಿ ಎಳೆದುಕೊಂಡರು. “ಕಣ್ಣು ಮುಚ್ಚು. ಗರಿ ಸೋಕಿದಾಗಲೆಲ್ಲ ಹೂಂ ಅನ್ನು.”

ಎಡ ಅಂಗೈಗೆ ಸೋಕಿತು. “ಹೂಂ.” ಬೆರಳ ತುದಿಗೆ ಸೋಕಿತು. “ಹೂಂ.” ಕಚಗುಳಿಗೆ ನಗುವೂ ಬಂತು.

“ಈಗ ಬಲಗೈ.”

ಶಂಭುಲಿಂಗ ಕಾದ. ಹೊಳೆಯ ಸದ್ದು ಕೇಳಿಸಿತು. ಶೆಟ್ಟರು ಕೆಮ್ಮಿದ್ದು ಕೇಳಿಸಿತು. ಕಾದು ಕಾದು ಸಾಕಾಗಿ ಕೇಳಿದ: “ಬುದ್ಧಿ, ಇನ್ನೂ ಶುರು ಮಾಡಲಿಲ್ಲವೇ?”

“ಮುಗಿಸಿದೆ.”

ಅವನು ಕಣ್ಣು ಬಿಟ್ಟ. ಗುರುಗಳು ಅವನ ತೋಳು ತಿರುಗಿಸಿ ಮಾಸಲು ಮಚ್ಚೆಯೊಂದನ್ನು ನೋಡಿದರು. ಮೊಣಕೈ ಹಿಂದೆ ಒತ್ತಿದರು. ಅಲ್ಲಿ ನರ ಹುರಿಯ ಹಾಗೆ ದಪ್ಪಗಿತ್ತು.

“ಖಾತ್ರಿಯಾಗಿ ಹೇಳಬೇಕಾದವರು ಡಾಕ್ಟರು. ನನ್ನ ಕಣ್ಣಿಗೆ ಇದು ಸಿದ್ಧಿಯಲ್ಲ ಮಗ, ಕುಷ್ಠ.”

ಶೆಟ್ಟರು ಕೂತಲ್ಲೇ ಒಂದಿಷ್ಟು ಹಿಂದೆ ಸರಿದರು.

“ಕುಷ್ಠವಾದರೆ ಬೆರಳು ತಿನ್ನಬೇಕಿತ್ತಲ್ಲ ಬುದ್ಧಿ? ಎಲ್ಲ ನೆಟ್ಟಗಿವೆ.”

“ಅದು ಬೆರಳು ತಿನ್ನುವುದಿಲ್ಲ. ಕಣ್ಣಿಗೆ ಕಾಣದ ಜೀವಿ, ವರ್ಷಗಟ್ಟಲೆ ನರದೊಳಗೆ ಬಿಡಾರ ಹೂಡಿರುತ್ತದೆ. ಅದನ್ನು ಓಡಿಸಲು ಮೈ ತನ್ನ ದಂಡು ಕಳಿಸುತ್ತದೆ. ಇಬ್ಬರ ತುಳಿದಾಟದಲ್ಲಿ ನರ ಸಾಯುತ್ತದೆ. ಆಮೇಲೆ ಕೈಯನ್ನು ಹಾಳು ಮಾಡುವವನು ನೀನೇ, ದಿನಾ ಕೆಂಡ ಎತ್ತಿ.”

“ಅಷ್ಟೆಲ್ಲ ಆಗುವಾಗ ನೋವಾದರೂ ಆಗಬೇಡವೇ?”

“ಸುದ್ದಿ ತರುವವನೇ ಸತ್ತ. ಇನ್ನು ಸುದ್ದಿ ಯಾರು ತರಬೇಕು?”

ಶೆಟ್ಟರು ಗಂಟಲು ಸರಿ ಮಾಡಿಕೊಂಡರು. “ಬುದ್ಧಿ, ಊರಿಗೆಲ್ಲ ಹೇಳಿ ಆಗಿದೆ. ರೋಗವೋ ಸಿದ್ಧಿಯೋ, ದೂರ ಕೂತು ನೋಡುವವರಿಗೆ ಏನು ಗೊತ್ತಾಗುತ್ತದೆ? ಕೈ ಅಲುಗದಿದ್ದರೆ ಸಾಕು. ನನ್ನ ಮಾತಿಗೆ ನಾನು ತಪ್ಪುವವನಲ್ಲ.”

ಮಳೆ ಬಂದರೆ ಊಟಕ್ಕೆ ಬಂದವರು ಎಲೆ ಮಡಚಿಕೊಂಡು ಓಡುವುದು ಶಂಭುಲಿಂಗನ ಕಣ್ಣಮುಂದೆ ಬಂತು. “ಒಂದೇ ಸಲ ತಾನೇ ಬುದ್ಧಿ? ಹೇಗೂ ನೋಯುವುದಿಲ್ಲ.”

ಗುರುಗಳು ಶೆಟ್ಟರ ಕಡೆ ತಿರುಗಿದರು. “ಶೆಟ್ಟರೇ, ನಿಮ್ಮ ಮಂಡಿಯ ತಕ್ಕಡಿಗೆ ತುಕ್ಕು ಹಿಡಿದು, ಏನಿಟ್ಟರೂ ಮುಳ್ಳು ಅಲುಗದಿದ್ದರೆ ಏನು ಮಾಡುತ್ತೀರಿ?”

“ರಿಪೇರಿಗೆ ಕಳಿಸುತ್ತೇನೆ.”

“ಎಂಥ ಸ್ಥಿರಚಿತ್ತದ ತಕ್ಕಡಿ ಅಂತ ಹೂವಿನ ಹಾರ ಹಾಕುವುದಿಲ್ಲವೇ?”

ಶಂಭುಲಿಂಗ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ.

“ಇದು ರಿಪೇರಿ ಆಗುತ್ತದೆಯೇ ಬುದ್ಧಿ?”

“ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಜೀವಿ ಸಾಯುತ್ತದೆ. ನರ ಎಷ್ಟು ಚೇತರಿಸಿಕೊಳ್ಳುತ್ತದೋ ಹೇಳಲಾಗದು. ಅಲ್ಲಿಯ ತನಕ ಕೈಯ ಕೆಲಸ ಕಣ್ಣಿಗೆ ಕಲಿಸು. ಬಟ್ಟೆ ಹಿಡಿಯದೆ ಪಾತ್ರೆ ಮುಟ್ಟಬೇಡ.”

“ಹಾಗಾದರೆ ಕರ್ಪೂರ ಬೇಡ ಶೆಟ್ಟರೇ,” ಎಂದ ಶಂಭುಲಿಂಗ.

ಡಾಕ್ಟರೂ ಅದನ್ನೇ ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ಶುರುವಾದ ಮೇಲೂ ಅವನು ತನ್ನ ಎಲೆಯನ್ನು ಬಾಗಿಲ ಆಚೆ ಹಾಕಿಕೊಂಡು ಉಣ್ಣುತ್ತಿದ್ದ. ಒಂದು ದಿನ ಗುರುಗಳು ತಮ್ಮ ಎಲೆ ತಂದು ಪಕ್ಕದಲ್ಲೇ ಹಾಸಿದರು.

“ಮಾತ್ರೆ ನುಂಗುತ್ತಿರುವವನಿಂದ ಇದು ಅಂಟುವುದಿಲ್ಲ. ಉಪ್ಪು ಈ ಕಡೆ ಸರಿಸು.”

ಶೆಟ್ಟರ ಮಂಟಪ ಬೇರೊಂದು ಮಠದಲ್ಲಿ ಎದ್ದಿತು. ಇಲ್ಲಿಯವರು ಆ ಮಳೆಗಾಲವೂ ಎಲೆ ಮಡಚಿಕೊಂಡೇ ಓಡಿದರು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಾರಿನ ಹಂಡೆ ಇಳಿಸುವಾಗ ಬಟ್ಟೆ ಜಾರಿತು. ಶಂಭುಲಿಂಗ ಚೀರಿ ಕೈಬಿಟ್ಟ. ಸಾರೆಲ್ಲ ನೆಲದ ಪಾಲು. ಪಂಕ್ತಿಯಲ್ಲಿ ಕೂತವರು ಗೊಣಗಿದರು. ಅವನಿಗೆ ಅದು ಕೇಳಿಸಲೇ ಇಲ್ಲ. ಹಂಡೆಯ ಅಂಚನ್ನು ಮತ್ತೊಮ್ಮೆ ಮುಟ್ಟಿ, ಮತ್ತೊಮ್ಮೆ ಕೈ ಹಿಂದೆಳೆದುಕೊಂಡ.

ಗುರುಗಳು ಬಂದರು. “ಎಲ್ಲಿ ಸುಟ್ಟಿತು?”

“ಹೆಬ್ಬೆರಳಲ್ಲಿ ಬುದ್ಧಿ. ಮಿಕ್ಕವಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.”

ಗುರುಗಳು ಆ ಬೆರಳನ್ನು ತಣ್ಣೀರಿನ ತಂಬಿಗೆಯಲ್ಲಿ ಅದ್ದಿ ಹಿಡಿದರು.

“ಮಂಟಪ ಹೋಯಿತು, ಸಾರೂ ಹೋಯಿತು. ಒಂದು ಹೆಬ್ಬೆರಳು ಬಂತು. ವ್ಯಾಪಾರ ಪರವಾಗಿಲ್ಲ.”