ಮೂರು ಬಾಲದ ಮಾತು

ಬಡಗಣ ಹಿಮದ ನಾಡಿನಲ್ಲಿ ಡಂಗುರ ಹೊಡೆಸಿದರು. ರಾಜನ ಮಗಳು ತೂರಾ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಮರುದಿನ ಬೆಳಿಗ್ಗೆ ಇರುವುದಿಲ್ಲ.

ಅಸ್ಲಾಕ್ ಕುರಿ ಕಾಯುವವನು. ಅರಮನೆಗೆ ಉಣ್ಣೆ ಕೊಡಲು ಬಂದಿದ್ದ. ಸಾಲು ಕಂಡಿತು, ನಿಂತ. ಉಣ್ಣೆಯ ಸಾಲು ಹಿತ್ತಲಲ್ಲಿತ್ತು. ಇದು ವರರ ಸಾಲು. ತಿಳಿಯುವ ಹೊತ್ತಿಗೆ ಹಿಂದೆ ಬಾಗಿಲು ಹಾಕಿದ್ದರು.

ತೂರಾ ಮೊದಲನೆಯದು ಕೇಳಿದಳು. “ಮೈ ಒಂದೇ. ಅಜ್ಜನ ಪಕ್ಕ ನಿಂತರೆ ಒಂದು ಬಾಲ. ಮನೆಯ ಪಕ್ಕ ನಿಂತರೆ ಇನ್ನೊಂದು. ಗುಂಪಿನ ಪಕ್ಕ ನಿಂತರೆ ಮತ್ತೊಂದು. ಏನದು?”

ಒಬ್ಬ ದೊರೆಮಗ “ನರಿ” ಅಂದ. ಸೆರೆಗೆ ಎಳೆದರು. ಒಬ್ಬ ಪಂಡಿತ ಗಡ್ಡ ನೀವಿಕೊಂಡು “ಧೂಮಕೇತು” ಅಂದ. ಅವನೂ ಹೋದ.

“ನಿನ್ನದೇನಪ್ಪ, ಉಣ್ಣೆ ಮೂಟೆ?” ರಾಜ ಕೇಳಿದ.

“ಅದು ಒಂದು ಮಾತು, ಬುದ್ಧಿ. ಗಮ್ಮೆಲ್.” ಅವರ ನುಡಿಯಲ್ಲಿ ಹಾಗಂದರೆ ಹಳೆಯದು, ವಯಸ್ಸಾದದ್ದು. “ಅಜ್ಜ ಗಮ್ಮೆಲ್. ಮನೆ ಗಮ್ಮೆಲ್ಟ್. ಹತ್ತು ಜನ ಅಜ್ಜಂದಿರು ಸೇರಿದರೆ ಗಮ್ಲೆ. ಮಾತು ಅದೇ, ಬಾಲ ಬೇರೆ.”

ತೂರಾ ನೆಟ್ಟಗೆ ಕೂತಳು. “ಎರಡನೆಯದು. ಒಬ್ಬನೇ ಇದ್ದಾಗ ಮನೆಯಲ್ಲಿರುತ್ತಾನೆ. ಇನ್ನೊಬ್ಬನ ಜೊತೆ ಹೋಲಿಸಿದೆವೋ, ಎದ್ದು ಹೋಗುತ್ತಾನೆ. ಅವನ ಮಣೆಯ ಮೇಲೆ ನೆರೆಮನೆಯವನು ಕೂರುತ್ತಾನೆ.”

“ಅವನೇ, ಅಮ್ಮಣ್ಣಿ. ಅಜ್ಜ ಗಮ್ಮೆಲ್. ಅಜ್ಜನಿಗಿಂತ ಅಜ್ಜಿಗೆ ವಯಸ್ಸು ಹೆಚ್ಚು ಅನ್ನುವಾಗ ಆ ಮಾತು ಬಾಯಿಗೆ ಬರಲ್ಲ. ಎಲ್ಡ್ರೆ ಅಂತೀವಿ. ಅದು ಬೇರೆ ಮನೆಯದು.”

“ಅಜ್ಜಿಗೇ ಹೆಚ್ಚಾ?” ಅಂದ ರಾಜ.

“ನಮ್ಮನೇಲಿ ಹಾಗೇ, ಬುದ್ಧಿ. ಅಜ್ಜಿ ಒಪ್ಪಲ್ಲ.”

ಸಭೆ ನಕ್ಕಿತು. ತೂರಾ ನಗಲಿಲ್ಲ.

“ಮೂರನೆಯದು. ಈ ಗಮ್ಮೆಲ್‌ನನ್ನು ಹೆತ್ತವಳು ಯಾರು?”

ಗೋಡೆಯ ಬಳಿ ನಿಂತಿದ್ದ ಕೊಡಲಿಯವನು ಅಂಚು ಮುಟ್ಟಿ ನೋಡಿದ. ನನ್ನ ತಲೆ ಹೋದರೆ ಕುರಿ ಎಣಿಸುವವರು ಯಾರು ಅನ್ನಿಸಿತು ಅಸ್ಲಾಕ್‌ಗೆ. ಮನಸ್ಸಿನಲ್ಲೇ ಎಣಿಸಿದ. ಇದು ಗಿಮ್ಮರ್. ಇದೂ ಗಿಮ್ಮರ್. ಇದು ಗಮ್ಮೆಲ್. ಅಲ್ಲಿಗೆ ಎಣಿಕೆ ನಿಂತಿತು.

“ಚಳಿಗಾಲ,” ಅಂದ.

“ಹೇಗೆ?”

“ನಾವು ಕುರಿಗೆ ವರ್ಷ ಎಣಿಸಲ್ಲ, ತಾಯಿ. ಸಾಯೋದೆಲ್ಲ ಹಿಮದಲ್ಲೇ. ಅದಕ್ಕೆ, ಎಷ್ಟು ಚಳಿಗಾಲ ದಾಟಿತು ಅಂತ ಎಣಿಸ್ತೀವಿ. ಒಂದು ದಾಟಿದ ಹೆಣ್ಣುಮರಿ ಗಿಮ್ಮರ್. ಬಹಳ ದಾಟಿದ್ದು ಗಮ್ಮೆಲ್. ಎರಡು ಮಾತೂ ಒಬ್ಬ ತಾಯಿ ಮಕ್ಕಳು.”

ಕೊಡಲಿಯವನು ಕೊಡಲಿ ಗೋಡೆಗೆ ಒರಗಿಸಿದ.

ಅರ್ಧ ರಾಜ್ಯ ಬೇಡ ಅಂದ ಅಸ್ಲಾಕ್. ಒಂದು ಹುಲ್ಲುಗಾವಲು ಸಾಕು. ಸೆರೆಯಲ್ಲಿರುವ ಇಬ್ಬರ ತಲೆ ಅವರಿಗೇ ಇರಲಿ. ರಾಜ ಒಪ್ಪಿದ.

ತೂರಾ ಕೆಳಗಿಳಿದು ಬಂದಳು. “ನೀನು ಎಷ್ಟು ದಾಟಿದ್ದೀಯ?”

“ಇಪ್ಪತ್ತಾರು.”

“ಜೊತೆಗೆ ಯಾರು?”

“ಅಜ್ಜ. ಅಜ್ಜಿ. ಕುರಿ.”

“ಇಪ್ಪತ್ತೇಳಕ್ಕೆ ನಾನೂ ಇರ್ತೀನಿ,” ಅಂದಳು. ಈಗ ನಕ್ಕಳು.

ಆ ಚಳಿಗಾಲ ದಾಟಿದರು. ಆಮೇಲೆ ಇನ್ನೂ ನಲವತ್ತು. ಇಬ್ಬರೂ, ಜೊತೆಗೇ.